ಯಾವ ಕಡೆಯವರು?

ಬೇಸಿಗೆಯ ರಜೆಗೆಂದು ಬೆಂಗಳೂರಿನಿಂದ ಬರುವ ನೆಂಟರ ಮಕ್ಕಳು ನಮ್ಮ ಕಡೆಯ ಮಕ್ಕಳಿಗೆ ಹಾಕುವ ಮೊದಲನೆಯ ಪ್ರಶ್ನೆ ಓದಿನದಲ್ಲ, ಊಟದ್ದೂ ಅಲ್ಲ. "ಕ್ರಿಕೆಟ್ಟಿನಲ್ಲಿ ನೀವು ಯಾವ ಕಡೆಯವರು?" ಎಂಬುದೇ ಆ ಪ್ರಶ್ನೆ. ಆದವಾನಿಯ ಹುಡುಗ ಒಂದು ಕ್ಷಣ ತಡವರಿಸುತ್ತಾನೆ. ಬೆಂಗಳೂರು ಎಂದರೆ ಶಾಲೆಯ ಗೆಳೆಯರಿಗೆ ಮುಖ ತೋರಿಸುವುದು ಕಷ್ಟ. ಹೈದರಾಬಾದು ಎಂದರೆ ಎದುರಿಗೆ ಕುಳಿತ ನೆಂಟ ಕೈ ತಟ್ಟಿ ನಗುತ್ತಾನೆ. ಕಡೆಗೆ ಹುಡುಗ, "ಯಾರು ಚೆನ್ನಾಗಿ ಆಡಿದರೆ ಅವರ ಕಡೆ" ಎಂದು ಹೇಳಿ ಪಾರಾಗುತ್ತಾನೆ. ಇದು ಜಾಣತನದ ಉತ್ತರವೆಂದು ಬೇರೆಯವರಿಗೆ ತೋರಬಹುದು. ಗಡಿಯಲ್ಲಿ ಬೆಳೆದ ನಮಗೆ ಅದು ಜಾಣತನವಲ್ಲ, ಅಭ್ಯಾಸ.

ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಐವತ್ತು ವರ್ಷಕ್ಕೂ ಮೀರಿದ ವಯಸ್ಸಾಗಿದೆ. 1967ರಲ್ಲಿ ವಿಜಯವಾಡದಲ್ಲಿ ಮೈಸೂರು ತಂಡಕ್ಕೂ ಆಂಧ್ರ ತಂಡಕ್ಕೂ ರಣಜಿ ಪಂದ್ಯವಾಯಿತು. ಮೈಸೂರಿನ ಪರವಾಗಿ ಮೊಟ್ಟಮೊದಲ ಬಾರಿಗೆ ಆಡಲಿಳಿದ ಭದ್ರಾವತಿಯ ಒಬ್ಬ ಹದಿನೆಂಟರ ಹುಡುಗ 230 ಓಟಗಳನ್ನು ಹೊಡೆದ. ಅವನೇ ಮುಂದೆ ದೇಶವೆಲ್ಲ ಬಲ್ಲ ಗುಂಡಪ್ಪ ವಿಶ್ವನಾಥ್. ಆಗ ನಾವು ಚಿಕ್ಕವರು. ನಮ್ಮ ತಂದೆಯವರು ಹತ್ತಿಯ ಜಿನ್ನಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಗೆ ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ' ರೈಲಿನಲ್ಲಿ ಬರುತ್ತಿತ್ತು, ಕೆಲವು ಸಲ ಒಂದು ದಿನ ತಡವಾಗಿ. ಪಡಸಾಲೆಯ ಆಚೆ ಬದಿಗೆ ಇದ್ದ ಚಿಕ್ಕಪ್ಪನವರು ತರಿಸುತ್ತಿದ್ದುದು 'ಆಂಧ್ರ ಪತ್ರಿಕ'. ಒಂದೇ ಪಂದ್ಯದ ಸುದ್ದಿ ಒಂದೇ ಮನೆಗೆ ಎರಡು ಭಾಷೆಯಲ್ಲಿ ಬಂತು. ತಂದೆಯವರು ಓದುತ್ತ ಮೀಸೆಯಲ್ಲಿ ನಗುತ್ತಿದ್ದರು. ಚಿಕ್ಕಪ್ಪನವರು, "ಆ ಹುಡುಗನ ಆಟ ಒಪ್ಪೋಣ ಅಣ್ಣಾ, ಆದರೆ ಪಾಪ, ನಮ್ಮ ಬೌಲರುಗಳು!" ಎಂದರು. 'ನಮ್ಮ' ಎಂಬ ಮಾತು ಕೇಳಿ ತಂದೆಯವರು ಕಾಗದದಿಂದ ತಲೆ ಎತ್ತಿದ್ದು ನಮಗೆ ಇಂದಿಗೂ ನೆನಪಿದೆ. ಜಗಳವೇನೂ ಆಗಲಿಲ್ಲ. ಆದರೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರ ಬಾಯಲ್ಲಿ ಆ ಒಂದು ಪದಕ್ಕೆ ಎರಡು ಅರ್ಥ ಬಂದುಬಿಟ್ಟಿದೆ ಎಂದು ಆ ಹೊತ್ತು ಇಬ್ಬರಿಗೂ ತಿಳಿದಿರಬೇಕು.

ಅರ್ಥ ಎರಡಾಗಲು ಕಾರಣ ಅವರಿಬ್ಬರಲ್ಲಿ ಯಾರೂ ಅಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಉಳಿದವು ಮೈಸೂರಿಗೆ ಹೋದವು. ಆದವಾನಿ, ಆಲೂರುಗಳನ್ನು ಕರ್ನೂಲಿಗೂ ರಾಯದುರ್ಗವನ್ನು ಅನಂತಪುರಕ್ಕೂ ಸೇರಿಸಿದರು. ಮಂತ್ರಾಲಯದ ಹಿರಿಯರನ್ನು ಕೇಳಿದರೆ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ. ಅವರು ಹೊಳೆ ದಾಟಿ ಪಂಚಮುಖಿಗೋ ಬಿಚ್ಚಾಲಿಗೋ ಹೋಗಬೇಕಾದರೆ ಆಚೆಯ ದಡ ಮೊದಲು ನಿಜಾಮರದು, ಆಮೇಲೆ ಹೈದರಾಬಾದ್ ರಾಜ್ಯದ್ದು, 1956ರ ನವೆಂಬರಿನಿಂದ ಮೈಸೂರಿನದು, 1973ರಿಂದ ಕರ್ನಾಟಕದ್ದು. ಈಚೆಯ ದಡ ಮೊದಲು ಮದರಾಸು, ಅನಂತರ ಆಂಧ್ರ, ಅನಂತರ ಆಂಧ್ರಪ್ರದೇಶ. ತುಂಗಭದ್ರೆಯ ನೀರು ಮಾತ್ರ ಎರಡು ದಡವನ್ನೂ ಮೊದಲಿನಂತೆಯೇ ತೋಯಿಸುತ್ತಿತ್ತು. ಎಂಬತ್ತು ದಾಟಿದ ಮುದುಕಿಯೊಬ್ಬರು ಒಮ್ಮೆ ನಮ್ಮೊಡನೆ, "ನಾ ಎಲ್ಲಿಗೂ ಹೋಗಿಲ್ಲಪ್ಪಾ, ರಾಜ್ಯಗಳೇ ನಮ್ಮ ಮನಿ ಮುಂದ ಬಂದು ಹೋದವು" ಎಂದಿದ್ದರು.

ಕ್ರಿಕೆಟ್ಟಿನ ಮಾತು ಇನ್ನೂ ಮುಗಿಯಲಿಲ್ಲ. 1958-59ರಿಂದ ಸತತವಾಗಿ ಹದಿನೈದು ವರ್ಷ ರಣಜಿ ಟ್ರೋಫಿ ಮುಂಬಯಿಯ ಕೈಯಲ್ಲಿಯೇ ಇತ್ತು. ಮೈಸೂರು ಕರ್ನಾಟಕವೆಂದು ಹೆಸರು ಬದಲಿಸಿಕೊಂಡ ಋತುವಿನಲ್ಲಿಯೇ, ಎಂದರೆ 1974ರಲ್ಲಿ, ಪ್ರಸನ್ನರ ನಾಯಕತ್ವದ ತಂಡ ಬೆಂಗಳೂರಿನಲ್ಲಿ ಮುಂಬಯಿಯನ್ನು ಹಿಂದೆ ಹಾಕಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿಯನ್ನು ತಂದಿತು. ಆ ದಿನ ತಂದೆಯವರು ಜಿನ್ನಿನಿಂದ ಬರುವಾಗ ಪೇಡೆಯ ಪೊಟ್ಟಣ ತಂದರು. ಮೊದಲ ಪೇಡೆಯನ್ನು ಚಿಕ್ಕಪ್ಪನವರ ಬಾಯಿಗೆ ಹಾಕಿದರು, ಅವರು ತಿಂದರು, ಎರಡನೆಯದನ್ನು ತಾವೇ ಕೇಳಿ ಇಸಿದುಕೊಂಡರು. ನಮ್ಮ ದೃಷ್ಟಿಯಲ್ಲಿ ರಾಜ್ಯಗಳ ಮರುವಿಂಗಡಣೆಯ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಅತ್ಯುತ್ತಮ ಚರ್ಚೆ ಅದೇ.

ಆದರೆ ಗಡಿಯ ಮನೆಗಳಿಗೆ ದಕ್ಕಿದ ಅತ್ಯಂತ ಸುಖದ ದಿನ ಯಾವುದೆಂದು ಕೇಳಿದರೆ ನಾವು 2001ರ ಮಾರ್ಚ್ 14 ಎಂದು ಹೇಳುತ್ತೇವೆ. ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಆಸ್ಟ್ರೇಲಿಯದ ಎದುರು ಫಾಲೋಆನ್ ಪಡೆದ ಭಾರತ ಸೋಲಿನ ಅಂಚಿನಲ್ಲಿತ್ತು. ಅಂದು ಬೆಳಗಿನಿಂದ ಸಂಜೆಯವರೆಗೆ ಒಂದು ವಿಕೆಟ್ಟೂ ಬೀಳಲಿಲ್ಲ. ಒಂದು ಕೊನೆಯಲ್ಲಿ ಹೈದರಾಬಾದಿನ ಲಕ್ಷ್ಮಣ್, ಇನ್ನೊಂದು ಕೊನೆಯಲ್ಲಿ ಬೆಂಗಳೂರಿನ ದ್ರಾವಿಡ್. ಆ ಜೊತೆಯಾಟದಲ್ಲಿ ಬಂದ ಓಟಗಳು 376; ಲಕ್ಷ್ಮಣರದು 281, ದ್ರಾವಿಡರದು 180. ಆ ದಿನ ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ 'ಯಾವ ಕಡೆ' ಎಂದು ಕೇಳಲಿಲ್ಲ. ಚಿಕ್ಕಪ್ಪನವರು ಆಗ ಬಹಳ ವೃದ್ಧರು, ಕಣ್ಣು ಮಂಜು, ಟೀವಿಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತು, ಚೆಂಡು ಬೌಂಡರಿಗೆ ಹೋದಾಗಲೆಲ್ಲ, "ಯಾರು ಹೊಡೆದದ್ದು?" ಎಂದು ಕೇಳುತ್ತಿದ್ದರು. ಯಾರ ಹೆಸರು ಹೇಳಿದರೂ "ನಮ್ಮವನೇ" ಎನ್ನುತ್ತಿದ್ದರು. (2014ರಿಂದ ಲಕ್ಷ್ಮಣರ ಊರೂ ತೆಲಂಗಾಣದ ಪಾಲಾಯಿತು. ಹೀಗಾಗಿ ನಮ್ಮ ಮಕ್ಕಳು ಇಂದು ಹೈದರಾಬಾದಿನ ಕಡೆ ಎಂದರೂ ಅದು ನೆರೆರಾಜ್ಯದ ಕಡೆಯೇ. ಈ ಮಾತನ್ನು ಬೆಂಗಳೂರಿನ ನೆಂಟನಿಗೆ ಹೇಳಬಾರದೆಂದು ಅವರಿಗೆ ಎಚ್ಚರಿಕೆ ಕೊಟ್ಟಿದ್ದೇವೆ.)

ಮನೆಯೊಳಗಿನ ಆಟಗಳಿಗೆ ಬಂದರೆ ಕಡೆಯ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಶಿವರಾತ್ರಿಯ ಜಾಗರಣೆಗೆ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ನಾಲ್ಕು ಕವಡೆ ಹಿಡಿದು ಕೂಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಅಮ್ಮನವರ ಕಡೆಯವರಿಗೆ ಅದು ಚೌಕಾಬಾರ. ಹಿತ್ತಲಗೋಡೆಯ ಆಚೆಯವರಿಗೆ ಅಷ್ಟಾಚೆಮ್ಮ. ಆಟ ಒಂದೇ, ಮನೆಗಳು ಅವೇ, ಕಟ್ಟೆಯೂ ಅದೇ. ಕನ್ನಡದವರು ನಾಲ್ಕರ ಚೌಕವನ್ನು ಮುಂದಿಟ್ಟು ಎಂಟರ ಬಾರವನ್ನು ಹಿಂದಿಟ್ಟರು. ತೆಲುಗಿನವರು ಎಂಟರ ಅಷ್ಟವನ್ನು ಮೊದಲು ಹೇಳಿ ನಾಲ್ಕರ ಚೆಮ್ಮವನ್ನು ಆಮೇಲೆ ಹೇಳಿದರು. ಇಷ್ಟೇ ವ್ಯತ್ಯಾಸ. ಆದರೂ ರಾತ್ರಿ ಎರಡು ಗಂಟೆಗೆ, ಕಾಯಿ ಹಣ್ಣಾಗುವ ಹೊತ್ತಿಗೆ, ಒಬ್ಬರು "ಬಾರ!" ಎಂದೂ ಇನ್ನೊಬ್ಬರು "ಅಷ್ಟ!" ಎಂದೂ ಕೂಗಿ ಓಣಿಯನ್ನೇ ಎಬ್ಬಿಸುತ್ತಿದ್ದುದುಂಟು. ನಿದ್ದೆಗೇಡಿನ ಜಗಳಕ್ಕೆ ಭಾಷೆ ಅಡ್ಡ ಬಂದದ್ದನ್ನು ನಾವು ಕಾಣೆವು.

ಹಬ್ಬಗಳೂ ಹೀಗೆಯೇ. ಜ್ಯೇಷ್ಠದ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆಗೆ ಊರ ಮುಂದೆ ಓಡಿಸಿ ಕರಿ ಹರಿಯುತ್ತಾರೆ. ನಮಗೆ ಅದು ಕಾರಹುಣ್ಣಿಮೆ, ತೆಲುಗಿನವರಿಗೆ ಏರುವಾಕ ಪುನ್ನಮಿ. ಓಡುವ ಎತ್ತಿಗೆ ಎರಡರ ಹಂಗೂ ಇಲ್ಲ. ಯುಗಾದಿಯ ಬೆಳಿಗ್ಗೆ ನಾವು ಬೇವುಬೆಲ್ಲವನ್ನು ಒಣದಾಗಿ ಅಂಗೈಯಲ್ಲಿ ಇಸಿದುಕೊಳ್ಳುತ್ತೇವೆ. ಎದುರು ಮನೆಯಿಂದ ಹುಣಿಸೆ, ಮಾವು, ಬೆಲ್ಲ, ಉಪ್ಪು, ಕಾರ, ಬೇವಿನ ಹೂವು ಕೂಡಿದ ಪಚ್ಚಡಿ ಲೋಟದಲ್ಲಿ ಬರುತ್ತದೆ. ನಮ್ಮ ಹೋಳಿಗೆಗೆ ಅವರು ಓಳಿಗ ಎನ್ನುತ್ತಾರೆ. ಬಳ್ಳಾರಿಯಲ್ಲಿ ಮಂಡಕ್ಕಿಯ ವಗ್ಗರಣಿ ಎನ್ನುವುದೇ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಉಗ್ಗಾಣಿ. ಬಳ್ಳಾರಿಯಿಂದ ಬಂದ ಅಳಿಯಂದಿರೊಬ್ಬರು ಒಂದು ತಟ್ಟೆ ಉಗ್ಗಾಣಿ ತಿಂದು, "ಇದರಂಥ ವಗ್ಗರಣಿ ನಮ್ಮ ಕಡೆ ಸಿಗೂದಿಲ್ಲ" ಎಂದು ಹೋಟೆಲಿನವನಿಗೆ ಹೇಳಿದರೆ, ಅವನು ತನ್ನಲ್ಲಿ ಆ ತಿಂಡಿಯೇ ಇಲ್ಲವೆಂದು ವಾದಿಸಿದನಂತೆ.

ಎಲ್ಲ ಪದ್ಧತಿಗಳನ್ನೂ ಹೊಗಳಲೇಬೇಕೆಂದು ನಾವು ಹೊರಟಿಲ್ಲ. ವಿಜಯದಶಮಿಯ ರಾತ್ರಿ ಆಲೂರಿನ ಕಡೆಯ ದೇವರಗಟ್ಟಿನಲ್ಲಿ ಮಾಳಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಹಳ್ಳಿಹಳ್ಳಿಯವರು ಬಡಿಗೆ ಹಿಡಿದು ಸೆಣಸುವ ಬನ್ನಿಯ ಉತ್ಸವವನ್ನು ವಾಚಕರು ಬಲ್ಲರು. ತಲೆ ಒಡೆಯದ ವರ್ಷವಿಲ್ಲ, ಪ್ರಾಣಗಳೂ ಹೋಗಿವೆ. ಗಾಯಕ್ಕೆ ಭಂಡಾರ ಒತ್ತಿಕೊಂಡು ಮರಳುವ ಹುಡುಗರ ಭಕ್ತಿಯನ್ನು ನಾವು ಹಳಿಯಲಾರೆವು. ಆದರೆ ಅದೇ ಹುಡುಗರ ತಾಯಂದಿರು ಬೆಳಗಾಗುವವರೆಗೆ ಬಾಗಿಲಲ್ಲಿ ಕುಳಿತಿರುತ್ತಾರೆ. ಬಡಿಗೆಯ ಜಾಗದಲ್ಲಿ ಕೋಲಾಟದ ಕೋಲು ಬಂದರೆ ದೇವರು ಮುನಿಯಲಾರನೆಂದು ನಮಗೆ ತೋರುತ್ತದೆ.

ನಮ್ಮ ಮನೆಯ ರಜೆಯ ದಿನಗಳೆಂದರೆ ಮುಖ್ಯವಾಗಿ ನಾಗರ ಪಂಚಮಿಯಿಂದ ಆರಾಧನೆಯವರೆಗಿನ ಹನ್ನೆರಡು ದಿನ. ಶಾಲೆಗೆ ಪೂರ್ತಿ ರಜೆ ಇರುತ್ತಿರಲಿಲ್ಲ, ನಾವೇ ಮಾಡಿಕೊಳ್ಳುತ್ತಿದ್ದೆವು. ಪಂಚಮಿಗೆ ಎಳ್ಳುಂಡಿ, ಶೇಂಗಾದುಂಡಿ, ತಂಬಿಟ್ಟು. ಬೇವಿನ ಮರಕ್ಕೆ ಜೋಕಾಲಿ. ನಿಂಬೆಹಣ್ಣು ಎಸೆಯುವ ಪಂದ್ಯ. ತವರಿಗೆ ಬಂದ ಅಕ್ಕಂದಿರು ಜೋಕಾಲಿಯ ಮೇಲೆ ನಿಂತು ಹಾಡುತ್ತಿದ್ದರು. ಅದು ಮುಗಿಯುತ್ತಲೇ ಮಂತ್ರಾಲಯದ ಸೋದರತ್ತೆಯವರ ಮನೆಗೆ ಸವಾರಿ. ಶ್ರೀ ರಾಘವೇಂದ್ರಸ್ವಾಮಿಗಳು 1671ರಲ್ಲಿ ಬೃಂದಾವನ ಪ್ರವೇಶ ಮಾಡಿದ ಶ್ರಾವಣ ಬಹುಳ ಬಿದಿಗೆಯ ಹಿಂದೆ ಮುಂದೆ ಮೂರು ದಿನ ಆ ಚಿಕ್ಕ ಮನೆಯಲ್ಲಿ ಮೂವತ್ತು ಜನ. ಗಂಡಸರು ಜಗಲಿಯ ಮೇಲೆ, ಹೆಂಗಸರು ನಡುಮನೆಯಲ್ಲಿ, ಮಕ್ಕಳು ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ. ಬೆಳಗಿನ ಜಾವ ಹೊಳೆಯ ಸ್ನಾನಕ್ಕೆ ಎಬ್ಬಿಸುತ್ತಿದ್ದುದು ಗಡಿಯಾರವಲ್ಲ, ಅತ್ತೆಯವರ ಹಾಡು.

ಸಂಗೀತದ ವಿಷಯದಲ್ಲಿ ನಮ್ಮ ಸೀಮೆಗೆ ಸ್ವಲ್ಪ ಹೆಮ್ಮೆ ಇದ್ದರೆ ವಾಚಕರು ಕ್ಷಮಿಸಬೇಕು. ಕನ್ನಡ ದಾಸಸಾಹಿತ್ಯದ ಎರಡನೆಯ ಬೆಳೆ ಬಂದದ್ದು ಇದೇ ಕೃಷ್ಣಾ ತುಂಗಭದ್ರೆಯರ ನಡುವಿನ ಮತ್ತು ಆಸುಪಾಸಿನ ನೆಲದಲ್ಲಿ. ವಿಜಯದಾಸರು ಹುಟ್ಟಿದ್ದು ಮಾನವಿ ಸೀಮೆಯ ಚೀಕಲಪರವಿಯಲ್ಲಿ. 1755ರ ಕಾರ್ತಿಕ ಶುದ್ಧ ದಶಮಿಯಂದು ದೇಹವಿಟ್ಟದ್ದು ಚಿಪ್ಪಗಿರಿಯಲ್ಲಿ. ಆ ಚಿಪ್ಪಗಿರಿ ಇಂದು ನಮ್ಮ ಕರ್ನೂಲು ಜಿಲ್ಲೆಯಲ್ಲಿದೆ. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರ ಮಾನವಿ ಹೊಳೆಯ ಆಚೆಗಿದೆ. ಅವರಲ್ಲಿ ಯಾರಿಗೂ ತಾವು ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟುತ್ತಿದ್ದೇವೆಂಬ ಕಲ್ಪನೆಯೇ ಇರಲಿಲ್ಲ. ತಂಬೂರಿ ಹೆಗಲಿಗೇರಿಸಿ ನಡೆದರು. ಇನ್ನು ಶಾಸ್ತ್ರೀಯ ಸಂಗೀತದ ಮಾತು ಹೇಳುವುದಾದರೆ, ಕರ್ನೂಲಿನ ತೆಲುಗು ಮನೆಯ ಹುಡುಗಿಯೂ ಪಾಠ ಶುರುಮಾಡುವುದು ಪುರಂದರದಾಸರ ಕನ್ನಡದ ಪಿಳ್ಳಾರಿ ಗೀತೆಗಳಿಂದ. ನಮ್ಮ ಕನ್ನಡದ ಹುಡುಗಿ ಪಾಠದಲ್ಲಿ ಮುಂದುವರಿದು ತಲಪುವುದು ತ್ಯಾಗರಾಜರ ತೆಲುಗು ಕೃತಿಗಳಿಗೆ. ಸಾಲ ಯಾರದು, ತೀರಿಸಿದವರು ಯಾರು ಎಂದು ಲೆಕ್ಕ ಹಾಕಲು ತಂದೆಯವರಂಥ ಲೆಕ್ಕಿಗರಿಗೂ ಆಗುತ್ತಿರಲಿಲ್ಲ. ಪೀರಲ ಹಬ್ಬದಲ್ಲಿ ಅಲಾವಿಯ ಕುಣಿಯ ಸುತ್ತ ಹಾಡುವ ಪದಗಳನ್ನು ಕೇಳಿದವರಿಗೆ ಈ ಲೆಕ್ಕ ಇನ್ನೂ ಗೋಜಲಾಗುತ್ತದೆ.

ಸಿನೆಮಾ ಹಾಡುಗಳನ್ನು ನಾವು ಕೀಳಾಗಿ ಕಾಣುವವರಲ್ಲ. 1966ರಲ್ಲಿ ರಾಜಕುಮಾರರ 'ಮಂತ್ರಾಲಯ ಮಹಾತ್ಮೆ' ಬಂದಾಗ ಅತ್ತೆಯವರು ಅದನ್ನು ಮೂರು ಸಲ ನೋಡಿದರು. ಮೂರು ಸಲವೂ ಕೊನೆಯ ದೃಶ್ಯಕ್ಕೆ ಎದ್ದು ನಿಂತು ಕೈಮುಗಿದರು. ಆ ಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಗುರುವಾರ ಮಂತ್ರಾಲಯದ ಅಂಗಡಿಸಾಲಿನಲ್ಲಿ ನಡೆದರೆ ಒಂದು ಅಂಗಡಿಯಲ್ಲಿ ರಾಜಕುಮಾರರ ಕಂಠ, ಇನ್ನೊಂದರಲ್ಲಿ ಭೀಮಸೇನ ಜೋಶಿಯವರದು, ಮೂರನೆಯದರಲ್ಲಿ ವಿದ್ಯಾಭೂಷಣರದು. ಕ್ಯಾಸೆಟ್ಟು ನಮಗೆ ಬಹಳ ಕೊಟ್ಟಿತು. ಒಂದನ್ನು ಸದ್ದಿಲ್ಲದೆ ಕಸಿದುಕೊಂಡಿತು ಕೂಡ: ಕ್ಯಾಸೆಟ್ಟಿನಲ್ಲಿ ಇರುವ ಹಾಡೇ ಹಾಡು, ಇಲ್ಲದ್ದು ಮರೆತರೂ ಆದೀತು ಎಂಬ ಭಾವನೆ ಮನೆಗಳಲ್ಲಿ ಬೇರೂರಿತು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಪಂಚಮಿಯ ಜೋಕಾಲಿಯ ಹಾಡು, ಇವುಗಳಲ್ಲಿ ಎಷ್ಟೋ ಹಾಡುಗಳು ಯಾವ ಅಂಗಡಿಯಲ್ಲಿಯೂ ಸಿಕ್ಕುವವಲ್ಲ. ಅವು ಇದ್ದದ್ದು ಹೆಂಗಸರ ಬಾಯಲ್ಲಿ ಮತ್ತು ಅವರ ಹಾಡಿನ ಪುಸ್ತಕಗಳಲ್ಲಿ.

ಪುಸ್ತಕವೆಂದರೆ ನಮ್ಮ ಮನೆಯಲ್ಲಿ ಮೂರು ಜಾತಿ. ತಂದೆಯವರ ಗಾಜಿನ ಕಪಾಟಿನವು ಒಂದು: ಗಳಗನಾಥರು, ಅ.ನ.ಕೃ., ತ್ರಿವೇಣಿ, ಬೀಚಿ. ಬೀಚಿಯವರು ಹರಪನಹಳ್ಳಿಯಲ್ಲಿ ಹುಟ್ಟಿದವರು, ಎಂದರೆ ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯವರೇ. ಕನ್ನಡದ ಬಗ್ಗೆ ತಾತ್ಸಾರದಿಂದಿದ್ದ ಅವರು ಅ.ನ.ಕೃ.ರವರ 'ಸಂಧ್ಯಾರಾಗ'ವನ್ನು ಓದಿ ಕನ್ನಡಕ್ಕೆ ಒಲಿದರೆಂಬುದನ್ನು ತಂದೆಯವರು ಪ್ರತಿಯೊಬ್ಬ ಅತಿಥಿಗೂ ಹೇಳುತ್ತಿದ್ದರು. ಎರಡನೆಯದು 'ಚಂದಮಾಮ'. ತೆಲುಗಿನಲ್ಲಿ 1947ರಲ್ಲಿಯೂ ಕನ್ನಡದಲ್ಲಿ 1949ರಲ್ಲಿಯೂ ಆರಂಭವಾದ ಆ ಮಕ್ಕಳ ಮಾಸಿಕದ ಕನ್ನಡ ಸಂಚಿಕೆ ನಮಗೆ, ತೆಲುಗು ಸಂಚಿಕೆ ಎದುರು ಮನೆಗೆ. ಚಿತ್ರ ಅವೇ, ಬೇತಾಳವೂ ಅದೇ. ನಮ್ಮದು ಬರುವುದು ತಡವಾದರೆ ಅವರದನ್ನು ತಂದು, ಚಿತ್ರ ನೋಡಿ ಕಥೆ ಊಹಿಸಿ, ಊಹಿಸಲಾಗದ ಕಡೆ ಅಕ್ಷರ ಕೂಡಿಸಿ ಓದುತ್ತಿದ್ದೆವು. ತೆಲುಗು ಲಿಪಿಯನ್ನು ನಮಗೆ ಯಾವ ಮೇಷ್ಟರೂ ಕಲಿಸಲಿಲ್ಲ. ಕಲಿಸಿದವರು ವಿಕ್ರಮಾದಿತ್ಯ ಮಹಾರಾಜರು. ಆ ಪತ್ರಿಕೆ ಈಗ ನಿಂತುಹೋಗಿದೆ. ಅದರ ಸ್ಥಳ ಇನ್ನೂ ತೆರವಾಗಿಯೇ ಇದೆ ಎನ್ನುವುದು ನಮ್ಮ ಅಭಿಪ್ರಾಯ.

ಮೂರನೆಯ ಜಾತಿಯ ಪುಸ್ತಕಕ್ಕೆ ಲೇಖಕರ ಹೆಸರಿರುವುದಿಲ್ಲ. ಉದ್ದನೆಯ ಲೆಕ್ಕದ ಪುಸ್ತಕ, ಬಟ್ಟೆಯ ಹೊದಿಕೆ, ಮೊದಲ ಪುಟದಲ್ಲಿ ಕುಂಕುಮದ ಬೊಟ್ಟು. ಅತ್ತೆಯವರ ಹಾಡಿನ ಪುಸ್ತಕ ಅಂಥದು. ಅದನ್ನು ಬರೆಯಲು ಆರಂಭಿಸಿದವರು ಅವರ ಅತ್ತೆ, ಮುಂದುವರಿಸಿದವರು ಇವರು. ಯಾವ ಊರಿನ ಸೊಸೆ ಬಂದರೂ ಅವಳ ತವರಿನ ಒಂದು ಹಾಡು ಅದರೊಳಗೆ ಸೇರುತ್ತಿತ್ತು.

2009ರ ಅಕ್ಟೋಬರ್ 2ರಂದು, ಸೀಗಿ ಹುಣ್ಣಿಮೆಗೆ ಎರಡು ದಿನವಿರುವಾಗ, ತುಂಗಭದ್ರೆ ಮಂತ್ರಾಲಯದೊಳಗೆ ಬಂದಳು. ಮಠದೊಳಗೆ ನೀರು, ಬೀದಿಗಳಲ್ಲಿ ನೀರು. ಜನ ಮಾಳಿಗೆಗಳ ಮೇಲೆ. ಅತ್ತೆಯವರನ್ನು ಮೊಮ್ಮಗ ಹೊತ್ತು ನೆರೆಮನೆಯ ಮಾಳಿಗೆಗೆ ಏರಿಸಿದ. ಜೀವಗಳು ಉಳಿದವು, ಅದೇ ದೊಡ್ಡದು. ನೀರು ಇಳಿದ ಮೇಲೆ ಮನೆಗೆ ಬಂದು ಟ್ರಂಕನ್ನು ತೆರೆದರೆ ಹಾಡಿನ ಪುಸ್ತಕ ಕೆಸರಿನ ಒಂದು ಇಟ್ಟಿಗೆಯಾಗಿತ್ತು. ಬಿಸಿಲಿಗೆ ಒಣಗಿಸಿದರು. ಹಾಳೆಗಳು ಬಿಟ್ಟುಕೊಂಡವು, ಅಕ್ಷರಗಳು ಬಿಟ್ಟುಹೋಗಿದ್ದವು. ಮಸಿ ತಿಳಿನೀಲಿಯಾಗಿ ಹರಡಿ ನಿಂತಿತ್ತು. ನಾವು ನೋಡಲು ಹೋದಾಗ ಅತ್ತೆಯವರು ಕಳೆದುಹೋದ ಪಾತ್ರೆಗಳ, ಕಾಳಿನ ಚೀಲಗಳ ಮಾತೆತ್ತಲಿಲ್ಲ. "ನೂರು ಹಾಡು ಇದ್ದವಪ್ಪಾ. ನನಗ ಎಷ್ಟು ನೆನಪದಾವೋ ನನಗೇ ಗೊತ್ತಿಲ್ಲ" ಎಂದಷ್ಟೇ ಹೇಳಿದರು.

ಆ ಚಳಿಗಾಲವೆಲ್ಲ ಅವರು ನೆನಪು ಮಾಡಿಕೊಂಡು ಹಾಡುತ್ತ ಹೋದರು. ಬರೆದುಕೊಂಡವನು ಅದೇ ಮೊಮ್ಮಗ. ಮನೆಯಲ್ಲಿ ಅಚ್ಚಗನ್ನಡ ಆಡುವ ಹುಡುಗ. ಓದಿದ್ದು ತೆಲುಗು ಮತ್ತು ಇಂಗ್ಲಿಷು. ಅವನು ಬರೆದದ್ದು ಅವನಿಗೆ ಬರುವ ಲಿಪಿಯಲ್ಲಿ. ಹೀಗಾಗಿ ಇಂದು ನಮ್ಮ ಮನೆತನದ ಕನ್ನಡ ಹಾಡುಗಳ ಪುಸ್ತಕ ತೆಲುಗು ಅಕ್ಷರಗಳಲ್ಲಿ ಇದೆ. ಅರವತ್ತನಾಲ್ಕು ಹಾಡು. ಉಳಿದವನ್ನು ನೆನಪು ಮಾಡಿಕೊಳ್ಳುವ ಮೊದಲೇ ಅತ್ತೆಯವರು ತೀರಿಕೊಂಡರು.

ಹೋದ ದಸರೆಗೆ ಎಲ್ಲರೂ ಕೂಡಿದಾಗ ಈ ಪುಸ್ತಕದ ಮೇಲೆ ದೊಡ್ಡ ವಾದವೇ ನಡೆಯಿತು. ಅದನ್ನು ಅಚ್ಚುಹಾಕಿಸಿ ಮನೆಮನೆಗೆ ಹಂಚಬೇಕೆಂಬುದರಲ್ಲಿ ಎಲ್ಲರೂ ಒಂದು. ಯಾವ ಲಿಪಿಯಲ್ಲಿ ಎಂಬುದರಲ್ಲಿ ಎರಡು ಕಡೆ. ಕರ್ನೂಲಿನ ಭಾವನವರು, "ತೆಲುಗಿನಲ್ಲೇ ಇರಲಿ. ಹಾಡುವವರು ನಾಳೆ ನಮ್ಮ ಮೊಮ್ಮಕ್ಕಳು. ಅವರಿಗೆ ಓದಲು ಬರದ ಪುಸ್ತಕ ಪೂಜೆಗೆ ಇಡಬಹುದು ಅಷ್ಟೇ" ಎಂದರು. ರಾಯಚೂರಿನ ತಂಗಿ ಸಿಟ್ಟಾದಳು: "ಕನ್ನಡದ ಹಾಡನ್ನ ಕನ್ನಡದಾಗ ಅಚ್ಚು ಹಾಕಿಸಲಿಕ್ಕೆ ನಾಚಿಕಿ ಯಾಕಣ್ಣಾ? ಹುಡುಗರಿಗೆ ಅಕ್ಷರ ಕಲಿಸ್ರಿ." ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ದಾಸರ ಪದಗಳನ್ನು ತೆಲುಗು ಲಿಪಿಯಲ್ಲಿ ಅಚ್ಚುಮಾಡಿದ ಪುಸ್ತಕಗಳು ಆಂಧ್ರದಲ್ಲಿ ಬಹಳ ಕಾಲದಿಂದ ಇವೆ. ಅವು ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಆ ಪದಗಳು ನಿಂತೇ ಹೋಗುತ್ತಿದ್ದವು. ಅವನ್ನು ಹಳಿಯುವವರು ಗಡಿಯಲ್ಲಿ ಬಾಳಿದವರಲ್ಲ. ಆದರೆ ಅಚ್ಚಿನ ಪುಸ್ತಕವೂ ತೆಲುಗು ಲಿಪಿಯಲ್ಲಿಯೇ ಬಂದರೆ ತಂದೆಯವರ ಕಪಾಟಿನ ಬೀಗವನ್ನು ಇನ್ನು ತೆಗೆಯುವವರು ಯಾರು? ಒಂದು ಪುಸ್ತಕವನ್ನು ಲಿಪ್ಯಂತರ ಮಾಡಬಹುದು, ಕಪಾಟನ್ನೆಲ್ಲ ಮಾಡಲಾಗದು.

ನಾವು ತಂಗಿಯ ಕಡೆ ನಿಂತೆವು. ಹಾಗೆ ನಿಲ್ಲಲು ಧೈರ್ಯ ಬಂದದ್ದು ಎರಡು ಲಿಪಿಗಳ ನೆಂಟಸ್ತಿಕೆಯಿಂದ. ಕನ್ನಡ ತೆಲುಗುಗಳು ಶತಮಾನಗಳ ಕಾಲ ಒಂದೇ ಲಿಪಿಯನ್ನು ಹಂಚಿಕೊಂಡಿದ್ದವು. ಮುಂದೆ ಬೇರೆಯಾದರೂ ಮುಖಚರ್ಯೆ ಹೋಗಿಲ್ಲ. ಗ, ಬ, ಮ, ಯ, ರ, ಲ, ವ ಇವುಗಳನ್ನು ತೆಲುಗು ಬಲ್ಲ ಮಗುವಿಗೆ ಕಲಿಸಬೇಕಾದುದೇ ಇಲ್ಲ, ನೆತ್ತಿಯ ಮೇಲಿನ ತಲೆಕಟ್ಟಿನ ಆಕಾರ ಬೇರೆ ಎಂದು ತೋರಿಸಿದರೆ ಸಾಕು. ಮೊಂಡು ಹಿಡಿಯುವುದು ಮುಖ್ಯವಾಗಿ ಕ, ತ, ಶ, ಹ. ಆ ಮೇಲೆ ಏತ್ವ ಓತ್ವಗಳಿಗೆ ನಾವು ಪಕ್ಕದಲ್ಲಿ ಎಳೆಯುವ ದೀರ್ಘ. ಅದೇ ರಜೆಯಲ್ಲಿ ಆರು ಮಕ್ಕಳನ್ನು ಪಡಸಾಲೆಯಲ್ಲಿ ಕೂಡಿಸಿ ದಿನಕ್ಕೆ ಅರ್ಧ ಗಂಟೆ ಈ ಕೆಲಸ ಮಾಡಿದೆವು. ಪಠ್ಯಪುಸ್ತಕ ಹಿಡಿಯಲಿಲ್ಲ. ಹಿಂದಿನ ದಿನದ ಪಂದ್ಯದ ಸುದ್ದಿಯಿದ್ದ ಕನ್ನಡ ಪತ್ರಿಕೆಯ ಆಟದ ಪುಟವನ್ನು ಮುಂದಿಟ್ಟೆವು. ಆಟಗಾರರ ಹೆಸರುಗಳು ಗೊತ್ತಿದ್ದವೇ. ಹೆಸರಿನಿಂದ ಅಕ್ಷರಕ್ಕೆ ಬಂದರು. 'ಕ'ವನ್ನು ಕೊಹ್ಲಿಯಿಂದ ಕಲಿತರು. ಒಂಬತ್ತನೆಯ ದಿನ ದೊಡ್ಡವಳು ಒಂದು ಪ್ಯಾರಾವನ್ನು ತಡವರಿಸುತ್ತಲೇ ಪೂರ್ತಿ ಓದಿದಳು. ಇಬ್ಬರು ಕಿರಿಯರು ಮೂರು ದಿನಕ್ಕೆ ಬೇಸತ್ತು ಮಾಳಿಗೆಗೆ ಓಡಿದರು. ಅವರನ್ನು ಬರುವ ಬೇಸಿಗೆಗೆ ಹಿಡಿಯಬೇಕು. ಆರರಲ್ಲಿ ನಾಲ್ವರು ಎಂಬುದು ಕೆಟ್ಟ ಲೆಕ್ಕವೇನೂ ಅಲ್ಲ.

ಪುಸ್ತಕಕ್ಕೆ ಕಡೆಗೆ ಆದ ತೀರ್ಮಾನವಿದು: ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ತೆಲುಗು ಲಿಪಿ. ಖರ್ಚು ಇಮ್ಮಡಿಯಾಗುತ್ತದೆ. ಭಾವನವರು ಹೆಚ್ಚಿನ ಖರ್ಚನ್ನು ತಾವೇ ಕೊಡುವುದಾಗಿ ಹೇಳಿ ತಂಗಿಯ ಬಾಯಿ ಮುಚ್ಚಿಸಿದ್ದಾರೆ. ಅವಳು ಪ್ರೂಫ್ ತಿದ್ದಲು ಒಪ್ಪಿದ್ದಾಳೆ. ಲಿಪಿ ತಿರುಗಿಸಿ ಬರೆಯುವ ಕೆಲಸ ಮೊಮ್ಮಗನದು. ಅವನಿಗೂ ಈಗ ಕನ್ನಡ ಅಕ್ಷರಗಳು ಬರುತ್ತವೆ. ಮಕ್ಕಳ ಸಾಲಿನ ಹಿಂದೆ, ಏನೋ ಹುಡುಕುವವನಂತೆ ನಿಂತು ಕಲಿತ.

ಒಂದು ತೊಡಕು ಉಳಿದಿದೆ. ಅರವತ್ತನಾಲ್ಕರಲ್ಲಿ ಮೂರು ಹಾಡುಗಳು ಅರೆಯಾಗಿವೆ. ಉರುಟಣೆಯ ಒಂದು ಹಾಡಿನಲ್ಲಿ ಮದುಮಗಳು ಅರಿಸಿನ ಹಚ್ಚುವಾಗ ಗಂಡನ ಹೆ‌ಸರು ಹೇಳಿಸುವ ನುಡಿ ಇಲ್ಲ. ಪಂಚಮಿಯ ಜೋಕಾಲಿ ಹಾಡಿನಲ್ಲಿ ಅಣ್ಣ ಕರೆಯಲು ಬರುವಲ್ಲಿಗೆ ನಿಂತಿದೆ. ತಂಗಿ ತವರಿಗೆ ಹೊರಟಳೋ ಇಲ್ಲವೋ ತಿಳಿಯದು. ಬೀಗರ ಹಾಡೊಂದರಲ್ಲಿ ಬೀಗಿತ್ತಿಯ ಊಟದ ವರ್ಣನೆ ಅರ್ಧಕ್ಕೇ ಮುಗಿದಿದೆ. ಆದವಾನಿ, ಆಲೂರು, ಕೌತಾಳ, ಕೋಸಿಗಿ, ಹೊಳಗುಂದಿಗಳ ಕಡೆಯ ಹಿರಿಯ ತಾಯಂದಿರು ಇಂಥ ಹಾಡುಗಳನ್ನು ಬಲ್ಲವರಾಗಿದ್ದರೆ ದಯವಿಟ್ಟು ಯಾರಿಂದಲಾದರೂ ಬರೆಯಿಸಿ ಈ ಪತ್ರಿಕೆಗೆ ಕಳಿಸಿಕೊಡಬೇಕು. ಯಾವ ಲಿಪಿಯಲ್ಲಿದ್ದರೂ ಆದೀತು. ಪುಸ್ತಕ ಕಾರ್ತಿಕದೊಳಗೆ ಅಚ್ಚಿಗೆ ಹೋಗಬೇಕಾಗಿದೆ.